ಉಪ್ಪನ ತೂಕ ಏರಿದ ವರ್ಷ

ಉಪ್ಪನ ತೂಕ ಏರಿತು ಎಂಬ ಸಂತೋಷಕ್ಕೆ ನನ್ನ ತವರಿನಲ್ಲಿ ಬಿರಿಯಾನಿ ಮಾಡಿದ್ದರು. ನಾನೂ ಹೋಗಿ ಹೊಟ್ಟೆ ತುಂಬ ಉಂಡು ಬಂದೆ. ಅದಾದ ಮೇಲೆ ನಾನು ಬಿರಿಯಾನಿ ಮುಟ್ಟಿಲ್ಲ.

ಉಪ್ಪ ಎಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಅಪ್ಪ, ಉಮ್ಮ ಎಂದರೆ ಅಮ್ಮ, ಮೋಳೆ ಎಂದರೆ ಮಗಳು. ಸಕ್ಕರೆ ಕಾಯಿಲೆ ಅವರಿಗೆ ಹಳೆಯ ನೆಂಟ. ಅದು ಒಳಗೊಳಗೇ ಕಿಡ್ನಿಗಳನ್ನು ತಿಂದು ಹಾಕಿತ್ತು. ಪುತ್ತೂರಿನ ಡಾಕ್ಟರು ನಮ್ಮನ್ನೆಲ್ಲ ಎದುರಿಗೆ ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದ್ದರು: "ಹೋದ ಕಿಡ್ನಿ ವಾಪಸ್ ಬರುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳಿ. ಉಪ್ಪು ಕಮ್ಮಿ ಮಾಡಿ, ಮಾಂಸ ಬೇಳೆ ಎಲ್ಲ ಹಿಡಿತದಲ್ಲಿರ್ಲಿ. ಜಾಗ್ರತೆ ಮಾಡಿದ್ರೆ ಕೆಲವು ವರ್ಷ ಹೀಗೇ ಹೋಗಬಹುದು. ಇಲ್ಲದಿದ್ರೆ ಮಿಷನ್ನೇ ಗತಿ." ಮಿಷನ್ ಎಂದರೆ ಡಯಾಲಿಸಿಸ್. ಅಂದಿನಿಂದ ಉಮ್ಮ ನಮಾಜು ಮುಗಿಸಿ ಕೈಯೆತ್ತಿದರೆ ಬೇಡುತ್ತಿದ್ದುದು ಒಂದೇ. ಹುಟ್ಟಿಸಿದವನೇ, ಇವರನ್ನು ಆ ಮಿಷನ್ನಿಗೆ ಕಟ್ಟಿಸಬೇಡ.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನು ಮದುವೆಯಾಗಿ ಬಂದದ್ದು ನರಿಮೊಗರಿಗೆ. ಪುತ್ತೂರು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಗಿರಾಕಿಗಳು ಅದನ್ನು ಸಹಿಸಿಕೊಂಡು ಬರುತ್ತಾರೆ ಎಂದರೆ ನನ್ನ ಹೊಲಿಗೆ ಚೆನ್ನಾಗಿದೆ ಎಂದೇ ಅರ್ಥ. ನಲವತ್ತು ದಾಟಿದ ಮೇಲೆ ಮೆಷಿನ್ ತುಳಿದು ತುಳಿದು ಸೊಂಟ ಹಿಡಿದುಕೊಂಡಾಗ, ಒಬ್ಬ ಗಿರಾಕಿಯ ಮಾತು ಕೇಳಿ ಹೆಂಗಸರ ಜಿಮ್ಮಿಗೆ ಸೇರಿದೆ. ಬುರ್ಖಾ ಮೊಳೆಗೆ ನೇತು ಹಾಕಿ ಕಬ್ಬಿಣ ಎತ್ತುವುದು ನೋಡಿ ಗಂಡ ಮೊದಮೊದಲು ನಕ್ಕರು. ಈಗ ಗ್ಯಾಸ್ ಸಿಲಿಂಡರ್ ಬಂದರೆ ಪೇಪರ್ ಹಿಡಿದು ಕೂತು, "ನೀನೇ ಎತ್ತು ಮಾರಾಯ್ತಿ, ನಿನಗೆ ಅಭ್ಯಾಸ ಉಂಟಲ್ಲ" ಎನ್ನುತ್ತಾರೆ.

ಭಾರ ಎತ್ತುವ ಹುಚ್ಚು ನಮಗೆ ಉಪ್ಪನಿಂದಲೇ ಬಂದದ್ದು. ಹರೆಯದಲ್ಲಿ ಅವರು ಅಡಿಕೆ ಪೇಟೆಯಲ್ಲಿ ಗೋಣಿ ಹೊತ್ತವರು. ಆಮೇಲೆ ಸ್ವಂತ ವ್ಯಾಪಾರ ಆಯಿತು, ಕುರ್ಚಿ ಆಯಿತು. ಆದರೂ ಪಂಜದ ಕಡೆಯಿಂದ ಅಡಿಕೆ ಜೀಪು ಬಂದು ನಿಂತರೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಶರ್ಟಿನ ತೋಳು ಮೇಲಕ್ಕೆ ಸರಿಸಿ, ಬೇಕೆಂದೇ ಎಲ್ಲರ ಎದುರು ಗೋಣಿ ಎತ್ತಿ ಭುಜಕ್ಕೆ ಹಾಕಿಕೊಳ್ಳುತ್ತಿದ್ದರು. ತಂದ ರೈತರು "ಎಂತದ್ದು ಸಾಹುಕಾರ್ರೆ ನಿಮ್ಮ ಕೈ!" ಎಂದರೆ ಸಾಕು, ಆ ದಿನ ರಾತ್ರಿ ಊಟದ ತನಕ ಮುಖದಲ್ಲಿ ನಗು. ನಮಗೂ ಹೇಳುತ್ತಿದ್ದರು: "ನಾನು ಎತ್ತಿದ್ದು ಎಂತ ತಿಂದು? ಗಂಜಿ, ಚಟ್ನಿ, ಸುಟ್ಟ ಒಣಮೀನು. ಅಷ್ಟೇ." ತೋಳು ಅವರ ಜಂಬ. ಇನ್ಯಾವ ಜಂಬವೂ ಆ ಮನುಷ್ಯನಿಗೆ ಇರಲಿಲ್ಲ.

ಕಾಯಿಲೆ ಮೊದಲು ಕೈ ಹಾಕಿದ್ದು ಆ ತೋಳಿಗೇ. ಮಾಂಸ ಕರಗಿ ಚರ್ಮ ಜೋತು ಬಿತ್ತು. ಒಂದು ಬೇಸಿಗೆಯಲ್ಲಿ ಉಪ್ಪ ನನ್ನ ಅಂಗಡಿಗೆ ಬಂದು, ಇನ್ನು ಮೇಲೆ ತನಗೆ ಉದ್ದ ತೋಳಿನ ಶರ್ಟೇ ಹೊಲಿಯಬೇಕು ಎಂದರು. ಹೊರಗೆ ಬೆಂಕಿಯಂಥ ಬಿಸಿಲು. ನಾನು ಮುಖ ನೋಡಿದೆ. ಅವರು ಬಾಗಿಲ ಕಡೆ ನೋಡಿದರು.

ಹೀಗಿರುವಾಗ ನನ್ನ ತಮ್ಮ ಗಲ್ಫ್ ಬಿಟ್ಟು ಬಂದ. ಹೋಗುವಾಗ ಕಡ್ಡಿಯ ಹಾಗಿದ್ದವನು. ಅಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಕೆಲಸ. ಡ್ಯೂಟಿ ಮುಗಿದರೆ ರೂಮಿನಲ್ಲಿ ಒಬ್ಬನೇ ಕೂರಲಾಗದೆ ಜಿಮ್ಮಿಗೆ ಹೋಗಲು ಶುರು ಮಾಡಿದ್ದಂತೆ. ಬಂದಿಳಿದಾಗ ನೋಡಿದರೆ ಆಳು ಬಾಗಿಲು ತುಂಬ ನಿಂತಿದ್ದ. ಉಪ್ಪ ಅವನ ತೋಳು ಮುಟ್ಟಿ ಮುಟ್ಟಿ ನೋಡಿದರು. ಮಗ ಬಂದ ಖುಷಿಯ ಜೊತೆಗೆ ಅವರ ಕಣ್ಣಿನಲ್ಲಿ ಒಂದು ಆಸೆಯೂ ಕಾಣಿಸಿತು. ನನಗೆ ಅದು ಅಷ್ಟು ಹಿತವೆನಿಸಲಿಲ್ಲ.

ಗಲ್ಫ್‌ನಿಂದ ಬಂದವರ ಪೆಟ್ಟಿಗೆ ಒಡೆಯುವುದು ನಮ್ಮಲ್ಲಿ ಒಂದು ಮದುವೆಯಷ್ಟೇ ದೊಡ್ಡ ಸಂಗತಿ. ಕಡಬದಿಂದ, ಸುಳ್ಯದಿಂದ ನೆಂಟರು ಬಂದು ಚಾವಡಿಯಲ್ಲಿ ಸುತ್ತ ಕೂತ ಮೇಲೆಯೇ ಹಗ್ಗ ಕತ್ತರಿಸಬೇಕು. ಬಂದದ್ದೆಲ್ಲ ಪಾಲಾಗಬೇಕು. ಒಬ್ಬನೇ ಇಟ್ಟುಕೊಂಡರೆ ಮನೆಯ ಬರ್ಕತ್, ಏಳಿಗೆ, ಹೋಗುತ್ತದೆ ಎಂದು ನಂಬಿಕೆ. ಸಾಬೂನು, ಸೆಂಟು, ಖರ್ಜೂರ, ಹಾಲಿನ ಹುಡಿ ಎಲ್ಲ ಹೊರಗೆ ಬಂತು. ಕೊನೆಗೆ ತಳದಿಂದ ದೊಡ್ಡ ದೊಡ್ಡ ಕಪ್ಪು ಡಬ್ಬಿಗಳು ಬಂದವು. ಮೇಲೆ ತೋಳು ಬಿಗಿದ ಗಂಡಸಿನ ಚಿತ್ರ. ಉಮ್ಮ ಒಂದರ ಮುಚ್ಚಳ ತೆಗೆದು ಮೂಸಿದರು. ಚಾಕಲೇಟಿನ ವಾಸನೆ. ಮತ್ತೆ ಯಾರು ಕೇಳುತ್ತಾರೆ? ಸ್ಟೀಲ್ ಲೋಟ ತಂದು ಪ್ಲಾಸ್ಟಿಕ್ ತೊಟ್ಟೆಗಳಿಗೆ ಅಳೆದು ಹಾಕತೊಡಗಿದರು.

"ಉಮ್ಮಾ, ಅದು ಜಿಮ್ಮಿನವರಿಗೆ," ಎಂದು ತಮ್ಮ ನಕ್ಕ.

"ಶಕ್ತಿಯ ಹುಡಿ ಅಲ್ವಾ? ಶಕ್ತಿ ನಿನಗೊಬ್ಬನಿಗೇ ಸಾಕಾ?" ಎಂದರು ಕಡಬದ ಮಾಮಿ. ಅಷ್ಟು ಜನರ ಎದುರು ಅವನು ಮತ್ತೇನು ಹೇಳಿಯಾನು? ಎಲ್ಲ ಮನೆಗೂ ಒಂದೊಂದು ತೊಟ್ಟೆ ಹೋಯಿತು. ಮಾಮಿ ಅದರಲ್ಲಿ ಪುಡ್ಡಿಂಗ್ ಮಾಡಿ ನೋಡಿದರಂತೆ. ಗೋಡೆಗೆ ಕಾಗದ ಅಂಟಿಸುವ ಗೋಂದಿನ ಹಾಗಾಯಿತಂತೆ. ಅದನ್ನು ಕೇಳಿ ಬಿದ್ದು ಬಿದ್ದು ನಕ್ಕೆವು. ಮನೆಯ ಯಜಮಾನರು ಎಂಬ ಮರ್ಯಾದೆಗೆ ಉಪ್ಪನ ಪಾಲಿಗೆ ಮಾತ್ರ ಒಂದು ಇಡೀ ಡಬ್ಬಿ ಬಂತು. ಅದು ಅವರ ಮಂಚದ ಪಕ್ಕದ ಕಪಾಟಿಗೆ ಹೋಯಿತು. ಚಂದಕ್ಕೆ ಇಟ್ಟುಕೊಂಡಿದ್ದಾರೆ ಎಂದುಕೊಂಡೆ.

ಈ ಹುಡಿಯ ವಿಷಯದಲ್ಲಿ ನನಗೂ ತಮ್ಮನಿಗೂ ಮೊದಲಿನಿಂದಲೇ ಜಗಳ. ಅವನದು ಬೆಳಗ್ಗೆ ಮೊಟ್ಟೆಯ ಬಿಳಿ ರಾಶಿ, ಮಧ್ಯಾಹ್ನ ಕೋಳಿ, ಸಂಜೆ ಹುಡಿ, ಮಲಗುವ ಮೊದಲು ಮತ್ತೆ ಹುಡಿ. ಪ್ರತಿ ತುತ್ತಿಗೂ ಇಷ್ಟು ಗ್ರಾಂ ಪ್ರೊಟೀನ್ ಎಂದು ಬಾಯಿಯಲ್ಲೇ ಲೆಕ್ಕ. ನನ್ನ ಜಿಮ್ಮಿನಲ್ಲಿ ಹೇಳಿಕೊಡುವ ಹುಡುಗಿ ಬೇರೆಯೇ ಹೇಳಿದ್ದಳು: "ಅಕ್ಕಾ, ಭಾರ ಎತ್ತುವವರಿಗೆ ಬೇರೆಯವರಿಗಿಂತ ಜಾಸ್ತಿ ಬೇಕು, ಅದು ಸತ್ಯ. ಆದ್ರೆ ಮೈತೂಕದ ಕೆ.ಜಿ.ಗೆ ಒಂದೂವರೆ ಗ್ರಾಮಿನ ಆಚೀಚೆ ಸಾಕು. ಮೀನು, ಮೊಟ್ಟೆ, ಹೆಸರುಕಾಳು, ಮೊಸರು ಸರಿಯಾಗಿ ತಿಂದ್ರೆ ಅಷ್ಟು ಸಿಗ್ತದೆ. ಅದರ ಮೇಲೆ ಸುರಿದ್ರೆ ನಮ್ಮ ತೋಳು ದಪ್ಪ ಆಗುದಿಲ್ಲ, ಡಬ್ಬಿ ಮಾರುವವನ ಹೊಟ್ಟೆ ದಪ್ಪ ಆಗುದು." ಇದನ್ನು ಹೇಳಿದರೆ ತಮ್ಮ ಕೈಯಾಡಿಸುತ್ತಿದ್ದ. "ತಾತ, ನಮ್ಮ ಕೋಚ್ ಹೇಳಿದ್ದು ಅದರ ಡಬ್ಬಲ್." ತಾತ ಎಂದರೆ ನಮ್ಮಲ್ಲಿ ಅಕ್ಕ, ಅಜ್ಜ ಎಂದುಕೊಳ್ಳಬೇಡಿ. "ಡಬ್ಬಲ್ ತಿಂದು ಡಬ್ಬಲ್ ಕಕ್ಕಸಿಗೆ ಹೋಗು," ಎಂದು ನಾನೂ ಬಿಡುತ್ತಿರಲಿಲ್ಲ. ಅವನದು ಗಟ್ಟಿ ಮೈ, ಗಟ್ಟಿ ಕಿಡ್ನಿ. ತಿಂದು ಅರಗಿಸಿಕೊಳ್ಳಲಿ ಎಂದು ಬಿಟ್ಟೆ.

ಮಳೆ ನಿಂತ ಹೊಸತರಲ್ಲಿ ಒಂದು ದಿನ ಮನೆಯವರ ವಾಟ್ಸಾಪ್ ಗುಂಪಿಗೆ ವಿಡಿಯೋ ಬಂತು. ಉಪ್ಪ ನನ್ನ ತಮ್ಮ ಊರಿಗೆ ಬಂದು ಸೇರಿದ್ದ ಜಿಮ್ಮಿನ ತೂಕದ ಯಂತ್ರದ ಮೇಲೆ ನಿಂತಿದ್ದಾರೆ. ಸುತ್ತ ಹುಡುಗರು ಚಪ್ಪಾಳೆ ತಟ್ಟುತ್ತಿದ್ದಾರೆ. "ನೋಡಿ, ಉಪ್ಪನ ತೂಕ ಏರ್ತಾ ಉಂಟು!" ಎಂದು ತಮ್ಮನ ಬೊಬ್ಬೆ. ಉಪ್ಪ ತೋಳು ಮಡಚಿ ತೋರಿಸಿ ನಾಚಿಕೊಂಡರು. ಕಡಬದಿಂದ, ಸುಳ್ಯದಿಂದ, ಗಲ್ಫ್‌ನಿಂದ ಮಾಶಾ ಅಲ್ಲಾಹ್‌ಗಳ ಮಳೆ. ಆ ಸಂತೋಷಕ್ಕೇ ಮರುದಿನ ಬಿರಿಯಾನಿ.

ಊಟ ಮುಗಿದ ಮೇಲೆ ಕೈ ತೊಳೆಯಲು ಹೋದೆ. ಅಡುಗೆ ಮನೆಯ ಕಟ್ಟೆಯ ಮೇಲೆ ತಮ್ಮ ಎರಡು ಲೋಟಗಳಲ್ಲಿ ಹುಡಿ ಕದಡುತ್ತಿದ್ದ.

"ಒಂದು ನಿನಗೆ. ಇನ್ನೊಂದು ಯಾರಿಗೆ?" ಎಂದು ಕೇಳಿದೆ.

"ಉಪ್ಪನಿಗೆ. ಬಂದಾಗಿನಿಂದ ಕೊಡ್ತಾ ಇದ್ದೇನೆ. ಅದಕ್ಕೇ ಅಲ್ವಾ ತೂಕ ಬಂದದ್ದು?"

ನನಗೆ ಮೈಯೆಲ್ಲ ಉರಿದು ಹೋಯಿತು. "ನಿನಗೆ ಮಂಡೆ ಸರಿ ಉಂಟಾ? ಡಾಕ್ಟ್ರು ಎಂತ ಹೇಳಿದ್ದು, ನೀನು ಎಂತ ಮಾಡ್ತಿರುದು?"

"ಡಾಕ್ಟ್ರು ಕಮ್ಮಿ ಮಾಡಿ ಅಂದದ್ದು ಮಾಂಸ. ಇದು ಹಾಲಿಂದ ಮಾಡುದು ತಾತ. ಹಾಲು ಕುಡಿದು ಯಾರಾದ್ರೂ ಸತ್ತದ್ದುಂಟಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಗಲ್ಫ್‌ನಲ್ಲಿದ್ದಾಗ ಫೋನಿನಲ್ಲಿ ಕೇಳಿದ್ದು ಅವನಿಗೆ ನಿಜವಾಗಿಯೂ ಹಾಗೆಯೇ ಅರ್ಥವಾಗಿತ್ತು. ಮಾಂಸ ಬೇಡ ಎಂದ ಡಾಕ್ಟರ ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ಬಿರಿಯಾನಿಯಲ್ಲೂ ಉಪ್ಪನ ತಟ್ಟೆಗೆ ಬರೇ ಅನ್ನ ಹಾಕಿಸಿ, ಆಮೇಲೆ ಒಂದು ದೊಡ್ಡ ಲೋಟ ಪ್ರೊಟೀನ್ ಕೊಡುತ್ತಿದ್ದ. ಮಾಂಸದಲ್ಲಿದ್ದು ಕಿಡ್ನಿಗೆ ಭಾರವಾಗುವುದು ಯಾವುದೋ, ಅದನ್ನೇ ಸೋಸಿ ಒಣಗಿಸಿ ಆ ಡಬ್ಬಿಯಲ್ಲಿ ತುಂಬಿದ್ದು ಎಂದು ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ನಾನು ಲೋಟವನ್ನು ಸಿಂಕಿಗೆ ಬಗ್ಗಿಸಿದೆ. ಸದ್ದು ಕೇಳಿ ಉಪ್ಪ ಒಳಗೆ ಬಂದರು.

"ಮೋಳೆ, ನಿನ್ನ ಬಾಯಿ ಕಮ್ಮಿ ಮಾಡು," ಎಂದರು. "ನನ್ನ ಕೈ ನೋಡು. ಎಷ್ಟು ತುಂಬಿದೆ! ನನಗೆ ಗುಣ ಆದದ್ದು ನಿನಗೆ ಖುಷಿ ಇಲ್ವಾ?"

ತೋಳು ತುಂಬಿದ್ದು ನಿಜ. ಆದರೆ ಆ ಚರ್ಮಕ್ಕೆ ಒಂದು ಹೊಳಪಿತ್ತು. ಹದವಾಗಿ ಬೇಯದ ಹಿಟ್ಟಿನ ಹೊಳಪು. ನನಗೆ ಅದನ್ನು ನೋಡಿ ಹೆದರಿಕೆಯಾಯಿತು. ಯಾಕೆಂದು ಆಗ ಹೇಳಲು ಗೊತ್ತಾಗಲಿಲ್ಲ. ಉಮ್ಮ ನಡುವೆ ಬಂದು, "ಇನ್ನು ಕೊಡುದಿಲ್ಲ, ನೀನು ಮಂಡೆಬೆಚ್ಚ ಮಾಡ್ಬೇಡ," ಎಂದು ನನ್ನನ್ನು ಸಮಾಧಾನ ಮಾಡಿ ಕಳಿಸಿದರು. ಆಮೇಲೆ ಫೋನು ಮಾಡಿದಾಗಲೆಲ್ಲ "ಬಿಟ್ಟಿದ್ದಾರೆ, ಬಿಟ್ಟಿದ್ದಾರೆ" ಎಂಬ ಉತ್ತರ. ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ ಎಂದರೆ, ಗುಣವಾದವರನ್ನು ಯಾಕೆ ಚುಚ್ಚಿಸುವುದು ಎಂಬ ಪ್ರಶ್ನೆ.

ಅದರ ನಡುವೆ ಸುಳ್ಯದಲ್ಲಿ ನೆಂಟರ ಮದುವೆ ಬಂತು. ಉಪ್ಪ ಎಷ್ಟೋ ಕಾಲದ ಮೇಲೆ ಗಿಡ್ಡ ತೋಳಿನ ಶರ್ಟು ಹಾಕಿಕೊಂಡು ಬಂದಿದ್ದರು. ಮದುವೆ ಮಂಟಪದ ಒಳಗೆ ಕಾಲಿಟ್ಟಲ್ಲಿಂದ ಹೊಗಳಿಕೆಯೇ ಹೊಗಳಿಕೆ. "ಮೈ ತುಂಬಿ ಬಂದಿದೆ," "ಮುಖಕ್ಕೆ ಬಣ್ಣ ಬಂದಿದೆ," "ಮಗ ಬಂದದ್ದೇ ಮದ್ದು ನೋಡಿ." ನಮ್ಮವರ ಕಣ್ಣಿಗೆ ಮೈ ತುಂಬಿದರೆ ಸುಖ, ಮೈ ಇಳಿದರೆ ರೋಗ, ಅದರಾಚೆಗೆ ಯಾರೂ ನೋಡುವುದಿಲ್ಲ. ಉಪ್ಪ ನಗುತ್ತಾ ಎಲ್ಲರ ಕೈ ಹಿಡಿಯುತ್ತಿದ್ದರು. ಮೆಟ್ಟಿಲು ಹತ್ತುವಾಗ ಮಾತ್ರ ಎರಡು ಸಲ ನಿಂತು ಉಸಿರೆಳೆದುಕೊಂಡರು. "ಬಿಸಿಲು ಜೋರುಂಟು," ಎಂದರು. ಆ ದಿನ ಮೋಡ ಮುಚ್ಚಿತ್ತು.

ಪೆರ್ನಾಲ್, ಅಂದರೆ ಈದ್ ಹಬ್ಬ, ಹತ್ತಿರ ಬಂದಾಗ ಹೊಸ ಶರ್ಟಿಗೆ ಅಳತೆ ಕೊಡಲು ಉಪ್ಪ ಅಂಗಡಿಗೆ ಬಂದರು. ಹಬ್ಬಕ್ಕೆ ಅವರ ಶರ್ಟು ನಾನೇ ಹೊಲಿಯಬೇಕು, ಅದು ನನ್ನ ಮದುವೆಗೆ ಮೊದಲಿನಿಂದಲೂ ಬಂದ ಪದ್ಧತಿ. ಎದೆಗೆ ಹಳೆಯ ಅಳತೆಯಲ್ಲಿ ಟೇಪು ಹಿಡಿದೆ, ತುದಿ ಮುಟ್ಟಲಿಲ್ಲ. ಹೊಟ್ಟೆಗೆ ಹಿಡಿದೆ, ಅಲ್ಲೂ ಹಾಗೆಯೇ. ಮುಂಗೈಗೆ ಸುತ್ತುವಾಗ ನೋಡಿದೆ: ವಾಚಿನ ಪಟ್ಟಿ ಇದ್ದಲ್ಲಿ ಮಾಂಸದಲ್ಲಿ ಆಳವಾದ ಗೆರೆ ಬಿದ್ದಿತ್ತು. ಕೆಳಗೆ ನೋಡಿದೆ. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತು ಹೋಗಿತ್ತು. ಟೇಪು ಬಿಸಾಡಿ ನೆಲಕ್ಕೆ ಕೂತು, ಮುಂಡು ಸರಿಸಿ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದೆ. ಬೆರಳು ತೆಗೆದರೂ ಗುಂಡಿ ಹಾಗೆಯೇ ಉಳಿಯಿತು. ನಾನು ಕಾದೆ. ಅದು ತುಂಬಲೇ ಇಲ್ಲ.

"ಉಪ್ಪಾ," ಎಂದೆ. "ಇದು ಮಾಂಸ ಅಲ್ಲ. ಇದು ನೀರು."

ಅವರು ಬಗ್ಗಿ ಆ ಗುಂಡಿಯನ್ನೇ ನೋಡಿದರು. ನಾನು ಅಂಗಡಿಯ ಶಟರ್ ಅರ್ಧ ಎಳೆದು, ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಹೋದೆ.

ತಮ್ಮ ಓಡಿ ಬಂದ. ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. ಆಮೇಲೆ ಏನೇನು ಕೊಟ್ಟಿರಿ ಎಂದು ಕೇಳಿದರು. ತಮ್ಮ ಹೇಳಿದ. ಬಿಟ್ಟಿದ್ದಾರೆ ಎಂದದ್ದು ಸುಳ್ಳು, ಹಿಂದಿನ ದಿನವೂ ಕೊಟ್ಟಿದ್ದೆ, ಉಪ್ಪನೇ ಕೇಳಿ ಕೇಳಿ ಕುಡಿಯುತ್ತಿದ್ದರು ಎಂದ.

"ನೋಡಿ ಮಾರಾಯ್ರೆ," ಎಂದರು ಡಾಕ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. "ಆ ಹುಡಿ ಒಂದರಿಂದಲೇ ಹೀಗಾಯ್ತು ಅಂತ ನಾನು ಹೇಳುದಿಲ್ಲ. ಕಿಡ್ನಿ ಹೇಗೂ ಇಳಿಯುವ ದಾರಿಯಲ್ಲಿತ್ತು. ಇಳಿಜಾರಿನಲ್ಲಿದ್ದ ಗಾಡಿಯನ್ನು ನೀವು ಹಿಂದಿನಿಂದ ದೂಡಿದ ಹಾಗಾಯ್ತು. ಆರೋಗ್ಯ ಇದ್ದು ಭಾರ ಎತ್ತುವವರ ಲೆಕ್ಕ ಬೇರೆ, ಇವರ ಲೆಕ್ಕ ಬೇರೆ. ನೀರು ಹೊರಗೆ ಹಾಕುವ ಶಕ್ತಿಯೂ ಕಿಡ್ನಿಗೆ ಉಳಿದಿಲ್ಲ, ಇನ್ನು ಕಾಯುವ ಹಾಗಿಲ್ಲ. ಡಯಾಲಿಸಿಸ್ ಶುರು ಮಾಡ್ಬೇಕು."

ತಮ್ಮ ಗೋಡೆಗೆ ಒರಗಿ ಹಾಗೆಯೇ ಕೆಳಗೆ ಕುಸಿದ. ಬೈಯಬೇಕೆಂದು ಬಾಯಿ ತೆರೆದೆ. ಆ ದೊಡ್ಡ ಮೈ ನೆಲದ ಮೇಲೆ ಮುದುಡಿ ಕೂತದ್ದು ನೋಡಿ ಆಗಲಿಲ್ಲ. ಜೀವಮಾನದಲ್ಲಿ ನಾನು ಬೈಗುಳ ನುಂಗಿದ್ದು ಅದೊಂದೇ ಸಲ ಇರಬೇಕು.

ಮಿಷನ್ ಉಪ್ಪನ ಮೈಯಿಂದ ನೀರು ಎಳೆಯಿತು. ಒಂದೊಂದು ಸಲ ಹೋಗಿ ಬಂದಾಗಲೂ ಅವರು ಒಂದಿಷ್ಟು ಚಿಕ್ಕದಾಗಿ ಬರುತ್ತಿದ್ದರು. ನೀರೆಲ್ಲ ಹೋದ ಮೇಲೆ ಉಳಿದ ತೋಳು ನೋಡಿ ಉಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಮೊದಲು ಇದ್ದದ್ದಕ್ಕಿಂತಲೂ ಸಣಕಲು. ಜಿಮ್ಮಿನಲ್ಲಿ ಚಪ್ಪಾಳೆ ತಟ್ಟಿದ್ದು, ಬಿರಿಯಾನಿ ಮಾಡಿದ್ದು, ಮದುವೆ ಮನೆಯಲ್ಲಿ ಹೊಗಳಿದ್ದು ಎಲ್ಲವೂ ನೀರಿಗೆ. ಯಾ ಅಲ್ಲಾಹ್, ನಾವು ಎಂಥ ಕುರುಡರು! ತಮ್ಮ ಜಿಮ್ಮು ಬಿಟ್ಟ. ಉಳಿದ ಡಬ್ಬಿಗಳನ್ನು ಹಿತ್ತಲಲ್ಲಿ ಗುಂಡಿ ತೋಡಿ ಸುರಿದ. ಉಮ್ಮ ಅಡುಗೆ ಮನೆಯನ್ನೇ ಕಾವಲು ಕಾಯತೊಡಗಿದರು. ಉಪ್ಪನಿಗೆ ಗಂಜಿ, ಸೋರೆಕಾಯಿ ಪಲ್ಯ, ಮತ್ತೆ ಗಂಜಿ. ಮೀನು ಬೇಯುವ ವಾಸನೆಯೂ ಅವರ ಕೋಣೆಗೆ ಹೋಗಬಾರದೆಂದು ಬಾಗಿಲು ಮುಚ್ಚುತ್ತಿದ್ದರು. ಉಪ್ಪ ಇನ್ನೂ ಇಳಿದರು. ಹಾಸಿಗೆಯಿಂದ ಏಳುವುದಕ್ಕೂ ಆಳು ಬೇಕಾಯಿತು.

ಮುಂದಿನ ಸಲ ನಾನೂ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಉಪ್ಪನ ತೋಳು ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು. "ಎಂತ ತಿನ್ನಿಸ್ತೀರಿ ಇವರಿಗೆ?"

ಉಮ್ಮ ಪಥ್ಯವನ್ನೆಲ್ಲ ಹೆಮ್ಮೆಯಿಂದ ವಿವರಿಸಿದರು.

"ಅಯ್ಯೋ, ಹಾಗೆ ಮಾಡ್ಬಾರದು! ಅದು ಮಿಷನ್ನಿಗೆ ಬರುವ ಮೊದಲಿನ ಪಥ್ಯ. ಈಗ ಲೆಕ್ಕ ಉಲ್ಟಾ ಆಯ್ತು. ಪ್ರತಿ ಸಲ ಮಿಷನ್ ಇವರ ಮೈಯಿಂದ ಪ್ರೊಟೀನನ್ನೂ ಎಳೀತದೆ. ಈಗ ಜಾಸ್ತಿ ಕೊಡ್ಬೇಕು. ಮೀನು, ಮೊಟ್ಟೆಯ ಬಿಳಿ ದಿನಾ ತಿನ್ಲಿ. ಹೀಗೇ ಬಿಟ್ರೆ ಇವರು ಕಿಡ್ನಿಯಿಂದ ಸಾಯುದಿಲ್ಲ, ಹಸಿವಿನಿಂದ ಸಾಯ್ತಾರೆ."

ತಮ್ಮ ಡಾಕ್ಟರ ಬಾಯಿಯನ್ನೇ ನೋಡುತ್ತಿದ್ದ. ಕೇಳಿದ್ದು ಅರ್ಥವಾಗದವನ ಹಾಗೆ. ಮನೆಗೆ ಬಂದ ಮೇಲೆ ಉಮ್ಮ ಖಂಡಿತ ಆಗುವುದಿಲ್ಲ ಎಂದರು. ಬೇಡ ಎಂದವರೂ ಈ ಡಾಕ್ಟ್ರೇ, ಬೇಕು ಎಂದವರೂ ಇವರೇ, ಇನ್ನೊಂದು ಸಲ ನನ್ನ ಕೈಯಿಂದ ಆಗುವುದಿಲ್ಲ ಎಂದು ಹೇಳಿ ಹೋಗಿ ನಮಾಜಿನ ಚಾಪೆಯಲ್ಲಿ ಕೂತರು. ನಾನು ಪೇಟೆಗೆ ಹೋಗಿ ಬಂಗುಡೆ ತಂದೆ. ಉಪ್ಪು ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ ತಟ್ಟೆಗೆ ಹಾಕಿದೆ. "ನೀನೇ ತಿನ್ನಿಸು," ಎಂದು ತಮ್ಮನ ಕೈಗೆ ಕೊಟ್ಟೆ. ಅವನು ತಿನ್ನಿಸಿದರೆ ಅವನ ಎದೆಯ ಭಾರವೂ ಇಳಿದೀತು ಎಂಬ ಆಸೆ ನನ್ನದು.

ಅವನು ಮಂಚದ ಅಂಚಿಗೆ ಕೂತ. ಮೀನಿನ ಒಂದು ಚೂರು ಎತ್ತಿದ. ಅದನ್ನು ಮುರಿದು ಅರ್ಧ ಮಾಡಿದ. ಅರ್ಧವನ್ನೂ ಮುರಿದ. ಕಬ್ಬಿಣ ಎತ್ತಿ ಗಂಟು ಬಿದ್ದ ಆ ಬೆರಳುಗಳಲ್ಲಿ ಉಳಿದದ್ದು ಅಕ್ಕಿ ಕಾಳಿನಷ್ಟು.

"ತಾತ, ಎಷ್ಟು?" ಎಂದ. "ಇಷ್ಟು ಕೊಡ್ಬಹುದಾ? ಜಾಸ್ತಿ ಆಯ್ತಾ?"

"ಕೊಡು ಮಾರಾಯ, ಡಾಕ್ಟ್ರು ಹೇಳಿದ್ದಾರಲ್ಲ," ಎಂದು ಕಿರುಚಬೇಕೆಂದುಕೊಂಡೆ. ಕಿರುಚಲಿಲ್ಲ. ನನ್ನ ಕೈಗಳೂ ಸೊಂಟಕ್ಕೆ ಅಂಟಿಕೊಂಡು ನಿಂತಿದ್ದವು. ಆ ತಟ್ಟೆ ಕಿತ್ತುಕೊಂಡು ನಾನೇ ತಿನ್ನಿಸಬಹುದಿತ್ತು. ನನಗೂ ಧೈರ್ಯ ಬರಲಿಲ್ಲ.

ಉಪ್ಪ ಬಾಯಿ ತೆರೆದು ಕಾಯುತ್ತಿದ್ದರು.